ಚುಕ್ಕೆಯಿಟ್ಟ ಕಲ್ಲುಗಳು

ಗಾಜಿನ ಅಂಚು ತಿರುಗುವ ಚಕ್ರಕ್ಕೆ ತಾಗಿದಾಗ ಏಳುವ ಕಿರ್ರೆಂಬ ಸದ್ದು ಇಷ್ಟು ವರ್ಷ ಅವಳ ಪಾಲಿಗೆ ಗೋಡೆ ಗಡಿಯಾರದ ಸದ್ದಿನ ಹಾಗೆ ಇದ್ದೂ ಇಲ್ಲದ್ದಾಗಿತ್ತು. ಇವತ್ತು ಮಾತ್ರ ಅದು ಕಿವಿಯನ್ನು ಬಿಟ್ಟು ನೇರ ದವಡೆಗೆ ಬಂದು ಕೂತಿದೆ. ಕನ್ನಡಕದಂಗಡಿಯ ಹಿಂದಿನ ಕೋಣೆಗೆ ಇರುವುದು ಒಂದೇ ಕಿಟಕಿ, ಅದಕ್ಕೂ ಗಾಜಿನ ಹುಡಿ ಮೆತ್ತಿಕೊಂಡು ಹೊರಗಿನ ಬೀದಿ ಕಂಡೂ ಕಾಣದ ಹಾಗಿರುತ್ತದೆ. ಚಕ್ರದ ಮೇಲೆ ಸಣ್ಣಗೆ ನೀರು ಬೀಳುತ್ತಿರುವಾಗ ಗಾಜನ್ನು ಬೆರಳ ತುದಿಯಲ್ಲಿ ಹಿಡಿದು, ಮಗುವಿನ ಉಗುರು ಕತ್ತರಿಸುವಷ್ಟು ಹುಷಾರಾಗಿ ಒತ್ತಿ, ಫ್ರೇಮಿನ ಆಕಾರಕ್ಕೆ ತರಬೇಕು. ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ಅಂಚು ಸಿಡಿಯುತ್ತದೆ. ಬೆಳಗಿನಿಂದ ಹಾಗೆ ಸಿಡಿದ ಗಾಜು ಇದು ಎರಡನೆಯದು. ಸಿಡಿದ ಚೂರು ತಟ್ಟೆಗೆ ಬಿದ್ದ ಸದ್ದಿಗೆ ಅವಳು ಬೆಚ್ಚಿದಳು. ಚೂರು ಬಿಳಿಯಾಗಿತ್ತು, ಒಂದು ಬದಿ ನುಣುಪು, ಇನ್ನೊಂದು ಬದಿ ಹರಿತ. ಮೊನ್ನೆ ಹಲ್ಲಿನ ಡಾಕ್ಟರು ಹತ್ತಿಯ ಮೇಲೆ ಇಟ್ಟು ತೋರಿಸಿದ್ದು ಸಹ ಹೀಗೇ ಇತ್ತು.

"ಏನಮ್ಮಾ, ಒಂದೇ ಗಾಜನ್ನ ಎಷ್ಟು ಹೊತ್ತು ತೇಯ್ತೀಯಾ? ಪುಡಿ ಮಾಡಿ ಮುಖಕ್ಕೆ ಹಚ್ಕೊಳ್ಳೋಕಾ?" ಎಂದ ಪಕ್ಕದ ಮೇಜಿನವನು. ಫ್ರೇಮು ಜೋಡಿಸುವ ಅವನಿಗೆ ಸ್ಕ್ರೂ ಮಾಮ ಎಂದೇ ಹೆಸರು. ಸಾಸಿವೆಯಷ್ಟು ಸ್ಕ್ರೂಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಊರಿನ ಸುದ್ದಿಯನ್ನೆಲ್ಲ ಹೇಳಬಲ್ಲ. ಆಮೇಲೆ ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡು ದನಿ ತಗ್ಗಿಸಿದ. "ನಿಮ್ಮತ್ತೆ ಹಲ್ಲು ಏನಾಯ್ತು?"

"ಬುಡಸಮೇತ ತೆಗೆದ್ರು. ಕಟ್ಟಿಸಿದ ಹಲ್ಲಿನ ಸೆಟ್ಟು ಆ ಹಲ್ಲಿನ ಆಸರೆಗೇ ಇದ್ದಿದ್ದು. ಈಗ ಅದೂ ನಿಲ್ಲಲ್ಲ."

"ಅಯ್ಯೋ ಪಾಪ. ಕಲ್ಲು ಯಾಕೆ ಬಾಯಿಗೆ ಹಾಕ್ಕೊಂಡ್ರೋ! ವಯಸ್ಸಾದ್ಮೇಲೆ ಅಷ್ಟೇ ಬಿಡು. ನಮ್ಮಮ್ಮ ಕೊನೆಕೊನೆಗೆ ಸೋಪು ಕಚ್ಚೋಳು. ನೊರೆ ಬಂದ್ರೆ ನಗೋಳು. ಏನು ಮಾಡ್ತೀಯಾ."

ಕಲ್ಲು ಬಾಯಿಗೆ ಹಾಕಿಕೊಂಡರು. ಎರಡೇ ದಿನದಲ್ಲಿ ಆ ಮಾತು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಓಣಿಗೆ ತಿರುಗಿ ನುಣ್ಣಗಾಗಿಬಿಟ್ಟಿತ್ತು. ಹೇಳಿದವರೆಲ್ಲ ತಮ್ಮ ಮನೆಯ ಒಬ್ಬ ಮುದುಕಿಯನ್ನೋ ಮುದುಕನನ್ನೋ ಅದರ ಪಕ್ಕಕ್ಕೆ ತಂದು ನಿಲ್ಲಿಸುತ್ತಿದ್ದರು, ಸೋಪು ಕಚ್ಚಿದವರು, ಬೀಗದ ಕೈ ನುಂಗಿದವರು. ಆ ಸಾಲಿನಲ್ಲಿ ಅತ್ತೆಯೂ ಸೇರಿ ಕೂತಿರುವುದನ್ನು ನೋಡಿದರೆ ಅವಳಿಗೆ ಮೊದಲು ಹಗುರವಾಗುತ್ತಿತ್ತು, ಬೆನ್ನಲ್ಲೇ ಹಾಗೆ ಹಗುರವಾದದ್ದಕ್ಕೆ ನಾಚಿಕೆಯಾಗುತ್ತಿತ್ತು. ಇವತ್ತು ಸಂಜೆ ನಾದಿನಿ ಬರುತ್ತಾಳೆ. ಅತ್ತೆ ಒಲೆ ಆರಿಸದೆ ಮಲಗಿದ್ದ ದಿನವೇ ನಾದಿನಿ ಹೇಳಿಯಾಗಿತ್ತು: "ಇನ್ನೊಂದು ಸಲ ಹಿಂಗೇನಾದ್ರೂ ಆದ್ರೆ ಅಮ್ಮನ್ನ ವಯಸ್ಸಾದೋರ ಆರೈಕೆ ಮನೆಗೆ ಬಿಡೋದೇ ಸರಿ, ಅಣ್ಣಾ." ಗಂಡ ತಲೆಯಾಡಿಸಿದ್ದ. ಈ ಕಲ್ಲು ಆ ಇನ್ನೊಂದು ಸಲ. ಅದು ಅಂಥದ್ದಲ್ಲ, ಅದರಲ್ಲಿ ಮರೆವೂ ಇಲ್ಲ ಅರಳುಮರುಳೂ ಇಲ್ಲ, ಯಾರಾಗಿದ್ದರೂ ಕಚ್ಚುತ್ತಿದ್ದರು ಎಂಬುದು ಗೊತ್ತಿದ್ದವಳು ಅವಳೊಬ್ಬಳೇ. ಬಾಯಿಬಿಟ್ಟರೆ ಅತ್ತೆ ಮನೆಯಲ್ಲೇ ಉಳಿಯುತ್ತಾರೆ. ಸುಮ್ಮನಿದ್ದರೆ ಹೋಗುತ್ತಾರೆ. ಅವಳು ಹೊಸ ಗಾಜು ತೆಗೆದು ಅದರ ನಟ್ಟನಡುವೆ ಸಣ್ಣ ಕಡ್ಡಿಯಿಂದ ಶಾಯಿಯ ಚುಕ್ಕೆ ಇಟ್ಟಳು. ಕಣ್ಣಿನ ಪಾಪೆಗೆ ನೇರ ಬರಬೇಕಾದ ಜಾಗಕ್ಕೆ ಇಡುವ ಗುರುತು ಅದು. ಚುಕ್ಕೆ ಬಾಲ ಬಿಟ್ಟಿತು; ಒರೆಸಿ ಮತ್ತೆ ಇಟ್ಟಳು.

ಸ್ಟ್ರಾಬೆರಿಯ ಮೊದಲ ಸಸಿಯನ್ನು ಗಿರಾಕಿಯೊಬ್ಬರು ಕಾಗದದ ಲೋಟದಲ್ಲಿ ತಂದುಕೊಟ್ಟಿದ್ದರು. ಹಿತ್ತಲೆಂದರೆ ಬಟ್ಟೆ ಒಣಹಾಕುವ ತಂತಿಯ ಕೆಳಗೆ, ಚರಂಡಿಗೂ ಗೋಡೆಗೂ ನಡುವೆ ಉಳಿದ ಒಂದು ಪಟ್ಟಿ ನೆಲ. ಅಲ್ಲಿ ಅದು ಬಳ್ಳಿ ಬಿಟ್ಟು, ಬಳ್ಳಿ ಬೇರು ಬಿಟ್ಟು, ಒಂದು ಹೋಗಿ ಹತ್ತಾಗಿ, ಮನೆಯಲ್ಲಿ ಯಾರೂ ಹೇಳದೆ ಅವಳು ತಾನಾಗಿ ಮಾಡುವ ಏಕೈಕ ಕೆಲಸವಾಯಿತು. ಮೊದಲ ವರ್ಷ ಹಣ್ಣನ್ನೆಲ್ಲ ಹಕ್ಕಿಗಳು ತಿಂದವು. ಆಮೇಲೆ ಅಳಿಲು, ಆಮೇಲೆ ಚಿಪ್ಪಿಲ್ಲದ ಬಸವನಹುಳು. ಒಬ್ಬೊಬ್ಬರ ಕೈಬರಹವೂ ಅವಳಿಗೆ ಪರಿಚಯವಾಗಿತ್ತು. ಹಕ್ಕಿಯಾದರೆ ಹಣ್ಣಿನ ಕೆಂಪಾದ ಮೇಲ್ಭಾಗದಲ್ಲೇ ಕುಟುಕಿ ಗುಳಿ ಬೀಳಿಸಿ ಉಳಿದದ್ದನ್ನು ಇರುವೆಗೆ ಬಿಡುತ್ತದೆ. ಅಳಿಲು ಅರ್ಧ ತಿಂದು ಅರ್ಧವನ್ನು ಗೋಡೆಯ ಮೇಲೆ ಇಟ್ಟು ಹೋಗುತ್ತದೆ, ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂದೇ. ಬಸವನಹುಳು ಮಣ್ಣಿಗೆ ತಾಗಿದ ಕಡೆಯಿಂದ ಕೊರೆದು ಒಳಗೆಲ್ಲ ಟೊಳ್ಳು ಮಾಡಿ, ಮೇಲಿನಿಂದ ನೋಡಿದವರಿಗೆ ಹಣ್ಣು ಹಣ್ಣಾಗಿಯೇ ಕಾಣುವಂತೆ ಬಿಟ್ಟು, ಅಂಟಂಟಾದ ಹೊಳೆಯುವ ಗೆರೆ ಎಳೆದು ಹೋಗಿರುತ್ತದೆ. ಅವಳು ಕಾಯಿಗಳ ಕೆಳಗೆ ಒಣಹುಲ್ಲು ಹಾಸಿದಳು, ಮೊಟ್ಟೆಸಿಪ್ಪೆ ಪುಡಿ ಮಾಡಿ ಸುತ್ತ ಚೆಲ್ಲಿದಳು, ತಂತಿಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ನೆಟ್ಟು ಮೇಲೆ ಬಲೆ ಹೊದಿಸಿದಳು. ಸಡಿಲ ಬಿಟ್ಟರೆ ಹಕ್ಕಿಯ ಕಾಲು ಸಿಕ್ಕಿಕೊಂಡು ಸಾಯುತ್ತದೆಂದು ಬಲೆಯನ್ನು ಬಿಗಿಯಾಗಿ ಎಳೆದು ಅಂಚಿಗೆಲ್ಲ ಇಟ್ಟಿಗೆ ಹೇರಿದಳು. "ಮಾರ್ಕೆಟ್ಟಲ್ಲಿ ಡಬ್ಬಿಗಟ್ಟಲೆ ಸಿಗುತ್ತಲ್ಲೇ, ಇದಕ್ಕೊಂದು ಕೋಟೆ ಕಟ್ತಿದ್ದೀಯಲ್ಲ" ಎಂದ ಗಂಡ. ಮಗಳು ಮಾತ್ರ ದಿನಾ ಶಾಲೆಗೆ ಹೊರಡುವ ಮುಂಚೆ ಕೋಟೆಯ ಮುಂದೆ ಮಂಡಿಯೂರಿ ಕೇಳುತ್ತಿದ್ದಳು: "ಅಮ್ಮಾ, ಆ ದಪ್ಪಂದು ನಾಳೆ ಹಣ್ಣಾಗುತ್ತಾ?" ನಾಳೆ ನೀನೇ ಕೀಳುವೆಯಂತೆ ಎನ್ನುತ್ತಿದ್ದಳು ಅವಳು. ಮರುದಿನ ದಪ್ಪಂದು ಇರುತ್ತಿರಲಿಲ್ಲ. ಮೂರು ಬೇಸಿಗೆಯಾದರೂ ಮಗಳು ಹಿತ್ತಲಿನ ಒಂದು ಇಡೀ ಹಣ್ಣನ್ನು ಬಾಯಿಗೆ ಹಾಕಿಕೊಂಡಿರಲಿಲ್ಲ. ನಾಳೆ ಎನ್ನುವ ಅಮ್ಮನ ಮಾತನ್ನು ಹುಡುಗಿ ಈಗೀಗ ಮುಖ ನೋಡದೆ ಕೇಳಿಸಿಕೊಳ್ಳಲು ಕಲಿತಿದ್ದಳು.

ಬಲೆ ಹೊದಿಸಿದ ಮೇಲೂ ಹಣ್ಣು ಹೋಗತೊಡಗಿದಾಗ ಅವಳು ಕೂತು ಹುಡುಕಿದಳು. ಗುಳಿ ಇಲ್ಲ, ಅರ್ಧ ಹಣ್ಣಿಲ್ಲ, ಹೊಳೆಯುವ ಗೆರೆ ಇಲ್ಲ. ತೊಟ್ಟು ಮಾತ್ರ ಉಗುರಿನಿಂದ ಚಿವುಟಿದಂತೆ ನೀಟಾಗಿ ಮುರಿದಿತ್ತು. ಮೂಲೆಯ ಇಟ್ಟಿಗೆ ಎತ್ತಿದ್ದರು, ಎತ್ತಿದ ಮೇಲೆ ಒದ್ದೆ ಮಣ್ಣಿನಲ್ಲಿ ಮೂಡಿದ ಅದರದೇ ಅಚ್ಚಿಗೆ ಸರಿಯಾಗಿ ವಾಪಸು ಇಟ್ಟಿದ್ದರು. ಇಟ್ಟಿಗೆಯನ್ನು ಅದರ ಜಾಗಕ್ಕೆ ಇಡುವ ಪ್ರಾಣಿ ಈ ಮನೆಯಲ್ಲಿ ಒಂದೇ ಇತ್ತು. ಚಮಚವನ್ನು ಚಮಚದ ಮಗ್ಗುಲಿಗೆ, ಒರೆಸುವ ಬಟ್ಟೆಯನ್ನು ಮಡಿಕೆಯ ಮೇಲೆ ಮಡಿಕೆಯಾಗಿ ಇಟ್ಟು, ಇಟ್ಟದ್ದನ್ನು ಮತ್ತೊಮ್ಮೆ ಸವರಿ ನೋಡುವ ಅತ್ತೆ. ಅವತ್ತು ಬೆಳಿಗ್ಗೆ ಅತ್ತೆಯ ಕಣ್ಣಿಗೆ ಔಷಧಿ ಬಿಡಲು ಬಗ್ಗಿದಾಗ, ತಲೆ ಹಿಂದಕ್ಕೆ ಮಾಡಿ ಬಾಯಿ ತುಸು ತೆರೆದಿದ್ದ ಅವರ ಉಸಿರಿನಲ್ಲಿ ಸ್ಟ್ರಾಬೆರಿಯ ವಾಸನೆ ಬಂತು. ಹನಿ ಕಣ್ಣಿಗೆ ಬೀಳದೆ ಕೆನ್ನೆಯ ಮೇಲೆ ಬಿತ್ತು. "ಕೈ ಸರಿ ಇಲ್ವೇನಮ್ಮ ಇವತ್ತು?" ಎಂದರು ಅತ್ತೆ. ಕೇಳಬಹುದಿತ್ತು. ನಗುತ್ತ ಕೇಳಬಹುದಿತ್ತು, ಏನತ್ತೆ ಕಳ್ಳಿ ಸಿಕ್ಕಿಬಿದ್ರಿ ಎಂದು. ಅದರ ಬದಲು ಅವಳು ಸಂಜೆ ಮಗಳಿಗೆ, ಅತ್ತೆಗೆ ಕೇಳಿಸುವಂತೆ, "ಹಕ್ಕಿ ತಿಂದುಬಿಡ್ತು ಪುಟ್ಟಾ" ಎಂದಳು. ಅತ್ತೆ ಕೂತಲ್ಲಿಂದಲೇ ಮೊಮ್ಮಗಳ ತಲೆ ಸವರಿ, "ಹೌದು ಕಣೇ. ಕೆಟ್ಟ ಹಕ್ಕಿಗಳು" ಎಂದರು. ಆ ಮಾತು ಅವಳ ಎದೆಯಲ್ಲಿ ಎಲ್ಲೋ ಒಂದು ಕಡೆ ಹೋಗಿ ನಾಟಿತು. ಬೆಳಿಗ್ಗೆ ಎದ್ದು ಒದ್ದೆ ಹಾಸಿಗೆ ಬದಲಿಸುವಾಗ, ಬೆನ್ನುಜ್ಜುವಾಗ, ಮಾತ್ರೆ ಎಣಿಸಿ ಕೊಡುವಾಗ, ಗಂಡನ ಪಾಳಿಗೆ ಊಟ ಕಟ್ಟಿ ಓಡೋಡಿ ಬಸ್ಸು ಹಿಡಿಯುವಾಗಲೆಲ್ಲ ಅದು ಅಲ್ಲೇ ಚುಚ್ಚುತ್ತಿತ್ತು. ಕೆಟ್ಟ ಹಕ್ಕಿಗಳು.

ಕಲ್ಲಿನ ಉಪಾಯ ಹೇಳಿದವನು ಸ್ಕ್ರೂ ಮಾಮ. "ಹಣ್ಣು ಕೆಂಪಾಗೋ ಮುಂಚೆ ಕೆಂಪು ಕಲ್ಲು ಇಡು. ಹಕ್ಕಿ ಒಂದ್ಸಲ ಕುಟುಕಿ ಮೂತಿ ನೋಯಿಸ್ಕೊಂಡ್ರೆ ಆಮೇಲೆ ನಿಜವಾದ ಹಣ್ಣು ಕಂಡ್ರೂ ಇದೂ ಕಲ್ಲೇ ಅಂತ ಮುಂದೆ ಹೋಗುತ್ತೆ. ಮನುಷ್ಯರಷ್ಟು ದಡ್ಡ ಅಲ್ಲ ಅವು." ರಜೆಯ ದಿನ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಅವಳು ಅಡುಗೆಮನೆಯ ನೆಲದ ಮೇಲೆ ಕಾಗದ ಹರಡಿ ಹುಣಸೆಬೀಜಕ್ಕಿಂತ ತುಸು ದಪ್ಪನೆಯ ಬೆಣಚುಕಲ್ಲುಗಳಿಗೆ ಉಗುರುಬಣ್ಣ ಹಚ್ಚಿದಳು. ಕೆಂಪಾದವು. ಅಲ್ಲಿಗೆ ನಿಲ್ಲಿಸಬಹುದಿತ್ತು. ಹಕ್ಕಿಗೆ ಅಷ್ಟು ಸಾಕು. ಆದರೆ ಕೈ ತನ್ನಷ್ಟಕ್ಕೆ ಚೀಲದಿಂದ ಅಂಗಡಿಯ ಸಣ್ಣ ಕಡ್ಡಿ ತೆಗೆಯಿತು. ಹಳದಿ ಬಣ್ಣದಲ್ಲಿ ಅದ್ದಿ, ಗಾಜಿನ ನಡುವನ್ನು ಗುರುತು ಮಾಡುವ ಅದೇ ಹುಷಾರಿಯಿಂದ, ಸಾಲುಸಾಲಾಗಿ, ಕೆಳಗೆ ಹೋದಂತೆ ಒತ್ತೊತ್ತಾಗಿ, ಬೀಜದ ಚುಕ್ಕೆ ಇಡುತ್ತ ಹೋಯಿತು. ಆಮೇಲೆ ಗಾಜೊರೆಸುವ ಹಸಿರು ಬಟ್ಟೆಯನ್ನು ನಕ್ಷತ್ರದ ಹಾಗೆ ಕತ್ತರಿಸಿ ತೊಟ್ಟಿನ ಕಡೆ ಅಂಟಿಸಿತು. ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ಅಂಗೈಯಲ್ಲಿ ಇಟ್ಟುಕೊಂಡಾಗ ಅವಳ ಬಾಯಲ್ಲೇ ನೀರೂರಿತು. ಬಹಳ ದಿನಗಳ ಮೇಲೆ ಯಾರೂ ಅವಸರ ಮಾಡದ ಕೆಲಸವೊಂದನ್ನು ಮುಗಿಸಿದ ಸಂತೋಷ ಅವಳಿಗಾಗಿತ್ತು. ಅದನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ. ಹಕ್ಕಿಗೆ ಚುಕ್ಕೆ ಬೇಕಿರಲಿಲ್ಲ. ಅತ್ತೆಗೆ ಕಣ್ಣಿನ ಆಪರೇಷನ್ನಾದ ಮೇಲೆ ಹೊಸ ಕನ್ನಡಕದ ಗಾಜು ತೇಯ್ದವಳು ಅವಳೇ. ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಅವರಿಗೆ ಕಾಣುತ್ತದೆಂದು ಅವಳಿಗೆ ಗೊತ್ತಿದ್ದಷ್ಟು ಅತ್ತೆಗೇ ಗೊತ್ತಿರಲಿಲ್ಲ. ಚುಕ್ಕೆ ಆ ಕಣ್ಣಿಗೆ. ಮತ್ತೆ, ಕಲ್ಲುಗಳನ್ನು ಅವಳು ಇಟ್ಟದ್ದು ಬಲೆಯ ಒಳಗೆ, ಎಲೆಯ ಮರೆಯಲ್ಲಿ. ಬಲೆಯ ಒಳಗೆ ಹಕ್ಕಿ ಬರುವುದಿಲ್ಲ. ಅಲ್ಲಿಗೆ ಬರುವುದು ಕೈ.

ಮೊನ್ನೆ ಬೆಳಿಗ್ಗೆ ಅವಳು ಪಾತ್ರೆ ತೊಳೆಯುತ್ತಿದ್ದಳು. ಅಡುಗೆಮನೆಯ ಕಿಟಕಿಗೆ ಹಿತ್ತಲು ಪೂರ್ತಿ ಕಾಣುತ್ತದೆ. ಅತ್ತೆ ಮೆಟ್ಟಿಲಿಳಿದು, ಒಣಹಾಕಿದ ಬಟ್ಟೆಯೊಂದನ್ನು ಸರಿಮಾಡುವವರ ಹಾಗೆ ಎಳೆದು, ಆಚೀಚೆ ನೋಡಿ, ನೋಡಿದ ರೀತಿ ಎಂಟು ವರ್ಷದ ಹುಡುಗಿಯದು, ಇಟ್ಟಿಗೆ ಎತ್ತಿದರು. ಕೂಗಲು ಹೊತ್ತಿತ್ತು. ಅತ್ತೆ ಎನ್ನಲು ಎಷ್ಟು ಹೊತ್ತು ಬೇಕು? ಅವಳ ಕೈ ನೊರೆಯಲ್ಲಿತ್ತು, ನಲ್ಲಿ ಸುರಿಯುತ್ತಿತ್ತು. ಅವಳು ನಲ್ಲಿ ನಿಲ್ಲಿಸಿದಳು. ಸರಿಯಾಗಿ ಕೇಳಿಸಲೆಂದೇ ನಿಲ್ಲಿಸಿದಳೋ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ಅತ್ತೆ ಕೈಗೆ ಸಿಕ್ಕ ಹಣ್ಣನ್ನು ಅವಸರದಲ್ಲಿ ಸೆರಗಿಗೆ ಒರೆಸಿ ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಒಂದು ಸದ್ದಾಯಿತು, ಅಷ್ಟೇ. ಅತ್ತೆ ಕಿರುಚಲಿಲ್ಲ. ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಬಲೆ ಎಳೆದು ಸರಿಮಾಡಿದರು, ಇಟ್ಟಿಗೆಯನ್ನು ಅದರ ಅಚ್ಚಿಗೆ ಕೂರಿಸಿದರು, ಸವರಿ ನೋಡಿದರು, ಆಮೇಲೆ ಒಳಗೆ ಬಂದರು. ಗದ್ದದಿಂದ ರಕ್ತ ಇಳಿಯುತ್ತಿತ್ತು. "ಏನೋ ಕಚ್ಚಿಬಿಟ್ಟೆ ಕಣಮ್ಮ" ಎಂದು ಅಂಗೈ ಬಿಡಿಸಿದರು. ಕಲ್ಲಿನ ಬಣ್ಣ ಒಂದು ಕಡೆ ಎದ್ದಿತ್ತು, ಹಸಿರು ಬಟ್ಟೆ ಉದುರಿಹೋಗಿತ್ತು. ಅವಳು ಅದನ್ನು ತೆಗೆದುಕೊಂಡು ಕಸದ ಡಬ್ಬಿಗೆ ಹಾಕಿದಳು. ಆಸ್ಪತ್ರೆಗೆ ಹೊರಡುವ ಮುಂಚೆ, ಚಪ್ಪಲಿ ಹುಡುಕುವ ನೆವದಲ್ಲಿ ಹಿತ್ತಲಿಗೆ ಹೋಗಿ ಉಳಿದವನ್ನೂ ಆರಿಸಿ ಚರಂಡಿಗೆ ಹಾಕಿದಳು. "ಕಲ್ಲು ಯಾಕೆ ಕಚ್ಚಿದ್ರಿ, ಅಜ್ಜೀ?" ಎಂದು ಹಲ್ಲಿನ ಡಾಕ್ಟರು ಕಿವುಡರಿಗೆ ಹೇಳುವಂತೆ ಕೂಗಿ ಕೇಳಿದಾಗ ಅತ್ತೆ ಸೊಸೆಯ ಕಡೆ ನೋಡಿ, "ಗೊತ್ತಾಗ್ಲಿಲ್ಲ" ಎಂದರು. ಹೊರಗೆ ಗಂಡ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದ: "ಅಮ್ಮ ಕಲ್ಲು ತಿಂದ್ಲು ಕಣೇ." ಅವಳು ಸುಳ್ಳು ಹೇಳಲಿಲ್ಲ. ಅವನ ಮಾತಿಗೆ ಒಂದು ಮಾತು ಸೇರಿಸಲಿಲ್ಲ, ಅಷ್ಟೇ.

ಮನೆಗೆ ಬಂದಾಗ ನಾದಿನಿಯ ಚಪ್ಪಲಿ ಬಾಗಿಲಲ್ಲಿತ್ತು. ನಡುಮನೆಯಲ್ಲಿ ಅಣ್ಣತಂಗಿ ಎದುರಾಬದುರು ಕೂತಿದ್ದರು; ಮಗಳು ಮೂಲೆಯಲ್ಲಿ ಶಾಲೆಯ ಪುಸ್ತಕ ತೆರೆದುಕೊಂಡು ಓದದೆ ಕೇಳುತ್ತಿದ್ದಳು. ಅತ್ತೆ ತಮ್ಮ ಕೋಣೆಯಲ್ಲಿದ್ದರು. ಕೋಣೆಗೂ ನಡುಮನೆಗೂ ಒಂದು ಪರದೆ.

"ಬನ್ನಿ ಅತ್ತಿಗೆ. ನೋಡಿ, ನಮ್ದು ಮೂರನೇ ಮಹಡಿ, ಲಿಫ್ಟಿಲ್ಲ, ಇಲ್ದಿದ್ರೆ ನಾನೇ ಕರ್ಕೊಂಡ್ಹೋಗ್ತಿದ್ದೆ. ಆ ಮನೆ ನಾನು ನೋಡ್ಕೊಂಡು ಬಂದೆ. ಕ್ಲೀನಾಗಿದೆ. ನರ್ಸು ಇರ್ತಾರೆ. ಅಣ್ಣ ಬಾಯೇ ಬಿಡಲ್ಲ. ದಿನಾ ನೋಡ್ಕೊಳ್ಳೋರು ನೀವು, ನೀವೇ ಹೇಳಿ."

ಅವಳು ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತು ಬಾಗಿಲು ದಾಟುವಷ್ಟರಲ್ಲಿ ಚದುರಿಹೋಗಿತ್ತು. ಸಿಕ್ಕಿದಷ್ಟನ್ನು ಹೇಳಿದಳು. "ಅದು ಬರೀ ಕಲ್ಲಲ್ಲ. ನಾನು ಬಣ್ಣ ಹಚ್ಚಿ ಇಟ್ಟಿದ್ದೆ. ಕೆಂಪಗೆ. ಹಣ್ಣಿನ ಥರ."

ಅಣ್ಣತಂಗಿ ಇಬ್ಬರೂ ಅವಳ ಕಡೆ ತಿರುಗಿದರು. ಅವಳ ಕಿವಿ ಬಿಸಿಯಾಯಿತು.

"ಹಕ್ಕಿಗೆ ಅಂತ ತಾನೇ?" ಎಂದ ಗಂಡ.

ಅಲ್ಲ ಎನ್ನಬೇಕಿತ್ತು. ಎರಡೇ ಅಕ್ಷರ. "ಹಕ್ಕಿಗೆ ಅಂತ" ಎಂದಳು.

"ಮತ್ತೆ? ಅದಕ್ಕೆ ನೀನೇನು ಮಾಡೋಕಾಗುತ್ತೆ? ಎರಡು ದಿನದಿಂದ ಇದನ್ನೇ ತಲೇಲಿಟ್ಕೊಂಡು ಒದ್ದಾಡ್ತಿದ್ಯಾ?" ಅವನು ಎದ್ದು ಬಂದು ಅವಳ ಹೆಗಲಿನ ಚೀಲ ತೆಗೆದುಕೊಂಡ. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅವನು ಹಾಗೆ ಚೀಲ ತೆಗೆದುಕೊಂಡದ್ದು ಅವಳಿಗೆ ನೆನಪಿಲ್ಲ.

"ಅಯ್ಯೋ ಅತ್ತಿಗೆ," ನಾದಿನಿಯ ದನಿ ಮೆತ್ತಗಾಯಿತು, "ನೀವ್ಯಾಕೆ ಕೊರಗ್ತೀರಾ? ಹಕ್ಕಿನೇ ಕಲ್ಲು ಅಂತ ತಿಳ್ಕೊಂಡು ಬಿಟ್ಟು ಹೋಗುತ್ತೆ. ಅಮ್ಮಂಗೆ ತಿಳೀಲಿಲ್ಲ ಅಂದ್ರೆ ಯಾವ ಮಟ್ಟಕ್ಕೆ ಹೋಗಿದೆ ನೋಡು ಅಣ್ಣಾ. ನಾನು ಇದನ್ನೇ ಹೇಳ್ತಿರೋದು."

ಹೇಳಿದ ನಿಜ ಅವಳ ಕಣ್ಣೆದುರೇ ತಿರುಗಿ ಅತ್ತೆಯ ಮೇಲೆ ಬಿತ್ತು. ಇನ್ನೂ ಹೇಳಬಹುದು. ಬಲೆಯ ಒಳಗೆ ಇಟ್ಟಿದ್ದೆ ಎನ್ನಬಹುದು. ಕಿಟಕಿಯಲ್ಲಿ ನಿಂತು ನೋಡಿದೆ ಎನ್ನಬಹುದು. ಆ ಮಾತು ಕೇಳಿದ ಮೇಲೆ ಈ ಇಬ್ಬರ ಮುಖ ಹೇಗಾಗಬಹುದೆಂದು ಮನಸ್ಸಿನಲ್ಲೇ ನೋಡಿಕೊಂಡಳು, ಮೂಲೆಯಲ್ಲಿದ್ದ ಮಗಳ ಮುಖ ಹೇಗಾಗಬಹುದೆಂದು ನೋಡಿಕೊಂಡಳು. ಅಷ್ಟರಲ್ಲಿ ಪರದೆ ಸರಿಯಿತು. ಅತ್ತೆ ತಲೆ ಬಾಚಿಕೊಂಡಿದ್ದರು, ಮೈತುಂಬ ಸೆರಗು ಹೊದ್ದಿದ್ದರು. ಒಂದು ಕೆನ್ನೆ ಊದಿ ಮುಖ ಬೇರೆ ಯಾರದೋ ಆಗಿತ್ತು. ಬಂದು ಕುರ್ಚಿಯ ಅಂಚಿನಲ್ಲಿ, ನೆಂಟರ ಮನೆಯಲ್ಲಿ ಕೂತ ಹಾಗೆ ಕೂತರು. ಮಗನನ್ನೂ ಮಗಳನ್ನೂ ದಾಟಿ ಸೊಸೆಯ ಕಡೆ ನೋಡಿ, ಹಲ್ಲಿಲ್ಲದ ಕಡೆಯಿಂದ ಗಾಳಿ ಸೋರುವ ದನಿಯಲ್ಲಿ, "ನೀನು ಚೆನ್ನಾಗಿ ಬರೆದಿದ್ದೆ ಕಣಮ್ಮ" ಎಂದರು. "ಬೀಜಾನೂ ಇಟ್ಟಿದ್ದೆ. ಒಂದೊಂದಾಗಿ. ನಿನ್ನ ಕೈ ತುಂಬ ಸೊಗಸು."

ಅಣ್ಣತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾದಿನಿಯ ಕಣ್ಣು ತುಂಬಿತು. "ನೋಡ್ದ್ಯಾ?" ಎಂದು ತುಟಿಯಲ್ಲೇ ಅಂದಳು. "ಕಲ್ಲಿಗೆ ಬೀಜ ಅಂತೆ."

"ಅಜ್ಜಿ ಎಲ್ಲಿಗೆ ಹೋಗ್ತಾರೆ?" ಎಂದಳು ಮಗಳು.

"ಅಮ್ಮಾ, ಅಲ್ಲಿ ನಿನ್ನ ವಯಸ್ಸಿನವ್ರೇ ಇರ್ತಾರೆ," ಎಂದು ನಾದಿನಿ ಶುರು ಮಾಡಿದಳು. ಅತ್ತೆ ಕೇಳಿಸಿಕೊಂಡರು. ಎಲ್ಲಕ್ಕೂ ಹೂಂ ಎಂದರು. ಗಂಡ ನೆಲ ನೋಡುತ್ತ, "ನಿಂಗೆ ಹ್ಯಾಗನ್ಸುತ್ತೋ ಹಂಗೆ, ಅಮ್ಮ" ಎಂದ. ಅದು ಪ್ರಶ್ನೆಯಾಗಿರಲಿಲ್ಲ. ಕೇಳಬೇಕಾದವಳು ತಾನೇ ಎಂಬುದು ಅವಳಿಗೆ ಗೊತ್ತಾಯಿತು. ಕೇಳಿದಳು. ತನ್ನ ದನಿ ತನಗೇ ಪಕ್ಕದ ಮನೆಯಿಂದ ಬಂದ ಹಾಗೆ ಕೇಳಿಸಿತು.

"ಅತ್ತೆ, ಇಲ್ಲೇ ಇರ್ತೀರಾ? ನಮ್ಮ ಜೊತೆ?"

"ಬೇಡಮ್ಮ" ಎಂದರು ಅತ್ತೆ.

ಗಂಡ ಉಸಿರು ಬಿಟ್ಟ. ನಾದಿನಿ ಮೂಗೊರೆಸಿಕೊಂಡು ಫೋನು ತೆಗೆದಳು. ಆದರೆ ಅತ್ತೆ ಇನ್ನೂ ಅವಳ ಕಡೆಯೇ ನೋಡುತ್ತಿದ್ದರು, ಬೆಳಿಗ್ಗೆ ಕಣ್ಣಿಗೆ ಹನಿ ಬೀಳಲೆಂದು ಕಾಯುವಾಗ ನೋಡುವಂತೆ. ಅವರ ಮೊದಲ ಬೇಡಕ್ಕೆ ಬೇಡವೆಂಬ ಅರ್ಥವಿಲ್ಲ. ಮಾವ ಬದುಕಿದ್ದಾಗ, ಅವಳು ಈ ಮನೆಗೆ ಬಂದ ಹೊಸತರಲ್ಲಿ ನಗುತ್ತ ಹೇಳಿಕೊಟ್ಟಿದ್ದರು: "ನಿಮ್ಮತ್ತೆಗೆ ಏನೇ ಆಗ್ಲಿ ಎರಡು ಸಲ ಕೇಳ್ಬೇಕಮ್ಮ. ಮೊದಲನೇ ಬೇಡ ಗಾಳಿಗೆ ಹೇಳೋದು." ಬಸ್ಸಿನ ಕಿಟಕಿ ಸೀಟಿಗೂ ಹಾಗೆ, ಚಳಿಗೆ ಹೊದಿಕೆಗೂ ಹಾಗೆ, ತಟ್ಟೆಗೆ ಇನ್ನೊಂದು ಸೌಟಿಗೂ ಹಾಗೆ. ಮಕ್ಕಳಿಬ್ಬರೂ ಅದನ್ನು ಕಲಿಯಲಿಲ್ಲ. ಮೊದಲ ಬೇಡ ಕೇಳಿ ತಟ್ಟೆ ಎತ್ತಿಕೊಂಡು ಹೋಗುವುದೇ ಅವರಿಗೆ ಅನುಕೂಲವಾಗಿತ್ತು. ಕಲಿತವಳು ಅವಳೊಬ್ಬಳು. ಕಲಿತವಳಿಗೂ ಈಚೀಚೆ ಎರಡನೇ ಸಲಕ್ಕೆ ನಿಲ್ಲುವಷ್ಟು ಕಾಲಿನಲ್ಲಿ ಕಸುವಿರುತ್ತಿರಲಿಲ್ಲ. ಹಿತ್ತಲಿನ ಹಣ್ಣು ಬೇಕೇ ಎಂದಂತೂ ಅವಳು ಅತ್ತೆಯನ್ನು ಒಂದು ಸಲವೂ ಕೇಳಿರಲಿಲ್ಲ. ಈಗ ಎರಡನೇ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಇರಿ ಅತ್ತೆ. ಅಷ್ಟೇ ಸಾಕು. ಅಂದರೆ ಅವರು ಹೂಂ ಎನ್ನುತ್ತಾರೆ. ಹೂಂ ಎಂದರೆ ನಾಳೆ ಬೆಳಿಗ್ಗೆ ಒದ್ದೆ ಹಾಸಿಗೆ, ಹನಿ ಔಷಧಿ, ಬೆನ್ನು, ಮಾತ್ರೆ, ಓಡುವುದು, ನಾಡಿದ್ದೂ, ಮುಂದಿನ ಬೇಸಿಗೆಗೂ, ಜೊತೆಗೆ ದಿನಾ ಆ ಕಣ್ಣು, ತಾನೇ ಗಾಜು ತೇಯ್ದು ಕೊಟ್ಟ, ಎಲ್ಲವನ್ನೂ ಒಂದೊಂದಾಗಿ ನೋಡಿದ ಆ ಕಣ್ಣು. ಅವಳು ಬಾಯಿ ತೆರೆದಳು. ಅತ್ತೆ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದರು.

"ಅತ್ತೆ, ಚಹಾ ಮಾಡ್ಲಾ?"

ಅತ್ತೆ ಹಿಂದಕ್ಕೆ ಒರಗಿದರು. "ಬೇಡ" ಎಂದರು.

"ಸ್ವಲ್ಪ ಕುಡೀರಿ. ಆರಿಸಿ ಕೊಡ್ತೀನಿ."

"ಹಾಗಾದ್ರೆ ಅರ್ಧ ಲೋಟ ಮಾಡು" ಎಂದರು ಅತ್ತೆ.